ಒಂದೇ ಮಾದರಿಯ ಎರಡು ಕಡ್ಡಿಗಳು

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳ ಹಾಜರಿಪಟ್ಟಿಯಲ್ಲಿ ಮಲ್ಲಪ್ಪ, ಶರಣಪ್ಪ ಎಂಬ ಹೆಸರುಗಳು ಎರಡು ಮೂರು ಸಲ ಬರುವುದು ಸಾಮಾನ್ಯ. ಮಾಸ್ತರರು ತಂದೆಯ ಹೆಸರನ್ನೋ ಊರನ್ನೋ ಕೂಡಿಸಿ ಕೂಗುತ್ತಾರೆ. ಹಾಗಲ್ಲದೆ, ದಿನವೂ ಮೊದಲು ಒಳಬಂದವನು ಒಂದನೆಯ ಮಲ್ಲಪ್ಪ, ತರುವಾಯ ಬಂದವನು ಎರಡನೆಯ ಮಲ್ಲಪ್ಪ ಎಂದು ಲೆಕ್ಕ ಹಿಡಿದರೆ ಪರೀಕ್ಷೆಯ ಅಂಕಗಳ ಗತಿ ಏನಾದೀತು? ಗಣಕಯಂತ್ರಗಳಲ್ಲಿ ಇಂಥ ಲೆಕ್ಕವೇ ಬಹುಕಾಲ ನಡೆದುಬಂದಿದೆ.

ವಿದ್ಯಾರ್ಥಿವೇತನದ ಅರ್ಜಿ ತುಂಬಲು ನಾವು ಹೋಗತಕ್ಕ ಅಂಗಡಿಯೊಂದರಲ್ಲಿ ಲಿನಕ್ಸ್ ಗಣಕವೊಂದಕ್ಕೆ ಒಂದೇ ಮಾದರಿಯ ಎರಡು ನಿಸ್ತಂತು ಕಡ್ಡಿಗಳನ್ನು ಚುಚ್ಚಿದ್ದರು. ಒಂದು ಅಂತರ್ಜಾಲವನ್ನು ಹೊರಗಿನಿಂದ ತರತಕ್ಕದ್ದು, ಇನ್ನೊಂದು ಉಳಿದ ಯಂತ್ರಗಳಿಗೆ ಹಂಚತಕ್ಕದ್ದು. ಕರೆಂಟು ಹೋಗಿ ಬಂದಾಗ ಒಮ್ಮೆ ಕೆಲಸ ನಡೆಯುವುದು, ಒಮ್ಮೆ ನಿಲ್ಲುವುದು. (ಬೇಸಗೆಯಲ್ಲಿ ಕರೆಂಟು ಎಷ್ಟು ಸಲ ಹೋಗುವುದೆಂದು ವಾಚಕರಿಗೆ ಹೇಳಬೇಕಾಗಿಲ್ಲ.) "ಒಂದೇ ಜಾತಿಯ ಡ್ರೈವರುಗಳು ಜಗಳಾಡುತ್ತಿವೆ, ಬೇರೆ ಕಂಪನಿಯದನ್ನು ಕೊಳ್ಳಿರಿ" ಎಂದು ದುರಸ್ತಿಯವರು ತೀರ್ಪಿತ್ತರು. ಕೊಂಡದ್ದೂ ಆಯಿತು, ತಕರಾರು ಹೋಗಲಿಲ್ಲ. ಕೊನೆಯ ದಿನ ಹಳ್ಳಿಗಳಿಂದ ಬಸ್ ಚಾರ್ಜು ಕೊಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗಿದರು.

ಆ ತೀರ್ಪೇ ತಪ್ಪೆಂಬುದು ನನ್ನ ವಾದ. ಕಡ್ಡಿಯಲ್ಲಿರುವ ತಯಾರಕರ ಅಂಕೆ ಮತ್ತು ಮಾದರಿಯ ಅಂಕೆಗಳನ್ನು ನೋಡಿ ಡ್ರೈವರು ಅದನ್ನು ಗುರುತಿಸುತ್ತದೆ. ಅವಳಿ ಕಡ್ಡಿಗಳಲ್ಲಿ ಇವು ಒಂದೇ ಆಗಿದ್ದರೂ ಒಂದೇ ಡ್ರೈವರು ಎರಡಕ್ಕೂ ಸೇವೆ ಮಾಡಬಲ್ಲದು. ಒಂದೇ ಕಡ್ಡಿಯ ಮೇಲೆ ಎರಡು ಡ್ರೈವರುಗಳು ಹಕ್ಕು ಸಾಧಿಸುವುದೂ ಉಂಟು. ಆಗ ಒಂದನ್ನು ನಿಷೇಧಪಟ್ಟಿಗೆ ಸೇರಿಸಬೇಕು. ಇಲ್ಲಿನ ಜಗಳ ಹೆಸರಿನದು. ಮೊದಲು ಎಚ್ಚೆತ್ತುದಕ್ಕೆ ಡಬ್ಲ್ಯುಲ್ಯಾನ್ 0, ಅನಂತರದ್ದಕ್ಕೆ ಡಬ್ಲ್ಯುಲ್ಯಾನ್ 1 ಎಂದು ಹೆಸರಿಡುವುದು ಹಳೆಯ ಪದ್ಧತಿ. ಯಾವುದು ಮೊದಲು ಏಳುವುದೆಂಬ ನಿಯಮವಿಲ್ಲ. ಬೇರೆ ಕಂಪನಿಯದಾದರೂ ಅಷ್ಟೆ. 2013ರಲ್ಲಿ ಸಿಸ್ಟಮ್‌ಡಿಯ 197ನೆಯ ಆವೃತ್ತಿ ಸ್ಥಿರವಾದ ಹೆಸರುಗಳನ್ನು ತಂದಿತಾದರೂ ಹಳೆಯದನ್ನೇ ಹಿಡಿದ ಯಂತ್ರಗಳು ಇನ್ನೂ ಇವೆ.

ಪ್ರತಿ ಕಡ್ಡಿಗೂ ಮ್ಯಾಕ್ ಎಂಬ 48 ಬಿಟ್ಟುಗಳ ವಿಳಾಸವುಂಟು. ಸಾಮಾನ್ಯವಾಗಿ ಮೊದಲರ್ಧ ತಯಾರಕರದು, ಉಳಿದುದು ಆ ವಸ್ತುವಿನದು. ಈ ವಿಳಾಸದ್ದು 'ತರುವುದು', ಆ ವಿಳಾಸದ್ದು 'ಹಂಚುವುದು' ಎಂದು ಯುಡೆವ್ ನಿಯಮದಲ್ಲಿ ಎರಡು ಸಾಲು ಬರೆದು, ಮುಂದಿನ ಏರ್ಪಾಡುಗಳಲ್ಲಿ ಅವೇ ಹೆಸರುಗಳನ್ನು ಬಳಸಿದರೆ ಸಾಕು. ಒಂದು ಕಾಸೂ ಖರ್ಚಿಲ್ಲ. ಅಗ್ಗದ ಮಾಲಿನಲ್ಲಿ ಮ್ಯಾಕ್ ಕೂಡ ಒಂದೇ ಇರುವ ಸಂಭವವುಂಟು. ಆಗ ಚುಚ್ಚಿದ ಕಿಂಡಿಯಿಂದ ಗುರುತಿಸಿ, ಒಂದಕ್ಕೆ 02ರಿಂದ ಆರಂಭವಾಗುವ ಸ್ಥಳೀಯ ವಿಳಾಸವನ್ನು ಕೊಡಬೇಕು.

ಒಂದೇ ಮಾದರಿಯದನ್ನು ಕೊಳ್ಳುವುದೇ ಮೇಲೆಂದು ನಾನು ಹೇಳುವೆನು. ಡ್ರೈವರು ಒಂದೇ ಸಾಕು, ಕೆಟ್ಟರೆ ಬದಲಿಗೆ ಇನ್ನೊಂದು ಸಿದ್ಧ.

"ನಾವು ಬಿ.ಎ.ಯವರು, ನಮಗೇಕೆ ಇದು?" ಎಂದು ಮಿತ್ರರು ಕೇಳುವರು. ಅರ್ಜಿ ನಮ್ಮದಲ್ಲವೆ? ನಮ್ಮ ಪ್ರಯೋಗಶಾಲೆಯ ಪ್ರತಿ ಕಡ್ಡಿಗೂ ಮ್ಯಾಕ್ ವಿಳಾಸದ ಕೊನೆಯ ನಾಲ್ಕು ಅಂಕೆಗಳ ಚೀಟಿ ಅಂಟಿಸಬೇಕೆಂದೂ, ಆ ಎರಡು ಸಾಲುಗಳನ್ನು ಕನ್ನಡದ ವಿವರಣೆಯೊಡನೆ ಗೋಡೆಗೆ ಹಾಕಬೇಕೆಂದೂ ಅಧ್ಯಾಪಕರಲ್ಲಿ ಅರಿಕೆ. ಮುಂದಿನ ಅರ್ಜಿಗಳ ಕಾಲಕ್ಕೆ ಮುಂಚೆ ಆದರೆ ಒಳ್ಳೆಯದು.