ಮಗುವಿನ ಕೈಯ ಮಣ್ಣೆತ್ತು

ಹಬ್ಬವೆಂಬುದು ಮಕ್ಕಳಿಗೆ ಉಣ್ಣುವ ದಿನ ಮಾತ್ರವಲ್ಲ, ತಮ್ಮ ಕೈಯಿಂದ ಏನಾದರೊಂದನ್ನು ಮಾಡುವ ದಿನವೂ ಹೌದು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಬ್ಬಗಳ ಸಾಲನ್ನು ಗಮನಿಸಿದರೆ ಈ ಮಾತು ಮನದಟ್ಟಾಗುತ್ತದೆ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ ಮತ್ತು ಜೋಕುಮಾರ, ಕೊನೆಗೆ ದೀಪಾವಳಿಗೆ ಸೆಗಣಿಯ ಪಾಂಡವರು. ಮುಂಗಾರಿನ ಬಿತ್ತನೆಯಿಂದ ಹಿಂಗಾರಿನವರೆಗೆ ಮಣ್ಣಿಗೂ ಕೈಗೂ ಬಿಡುವಿಲ್ಲದಂತೆ ಹಿರಿಯರು ಈ ಸಾಲನ್ನು ಹೆಣೆದಿದ್ದಾರೆ. ಇಷ್ಟೊಂದು ಮಣ್ಣಿನ ಹಬ್ಬಗಳುಳ್ಳ ನಾಡಿನಲ್ಲಿ ಮಕ್ಕಳ ಕರಕುಶಲ ಕಲೆಯನ್ನು ಕಲಿಸಲು ಅಂಗಡಿಯ ಥರ್ಮಾಕೋಲ್, ಮಿನುಗುಪುಡಿ, ಪ್ಲಾಸ್ಟಿಕ್ ಹೂವುಗಳ ಪೊಟ್ಟಣ ತರುವುದು ವಿಚಿತ್ರವೇ ಸರಿ.

ಅದಕ್ಕಿಂತಲೂ ವಿಚಿತ್ರವಾದುದೆಂದರೆ ಎತ್ತುಗಳೇ ಪೇಟೆಯಿಂದ ಬರತೊಡಗಿರುವುದು. ಅಮಾವಾಸ್ಯೆಯ ಮುನ್ನಾದಿನ ಸಂತೆಯಲ್ಲಿ ಬಣ್ಣ ಬಳಿದ ಜೋಡಿ ಎತ್ತುಗಳು ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಕೆಲವು ಮಣ್ಣಿನವೇ ಅಲ್ಲ, ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರ್ ಆಫ್ ಪ್ಯಾರಿಸ್‌ನವು. ನೋಡಲು ಅಂದವಾಗಿವೆ, ನಿಜ. ಆದರೆ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ: ಕೊಂಡು ತಂದ ಆ ಅಂದದ ಜೋಡಿಗಿಂತ ಮಗು ತಾನೇ ಮಾಡಿದ, ಒಂದು ಕೋಡು ಡೊಂಕಾದ, ಒಂದು ಕಾಲು ಗಿಡ್ಡಾದ ಎತ್ತು ಮನೆಗೆ ಹೆಚ್ಚು ಬೆಲೆಯುಳ್ಳದ್ದು.

ಈ ವಿಷಯದಲ್ಲಿ ದೂರದ ನಾಡುಗಳಿಂದಲೂ ಕಲಿಯುವುದಿದೆ. ಕ್ರೈಸ್ತರ ಈಸ್ಟರ್ ಹಬ್ಬಕ್ಕೆ ಯುರೋಪಿನ ಹಲವೆಡೆ ಮಕ್ಕಳು ತಾಯಂದಿರೊಡನೆ ಕುಳಿತು ಮೊಟ್ಟೆಗಳಿಗೆ ಬಣ್ಣ ಕಟ್ಟುತ್ತಾರೆ. ಹಳೆಯ ಕ್ರಮದಲ್ಲಿ ಬಣ್ಣವೆಂದರೆ ಈರುಳ್ಳಿಯ ಒಣಸಿಪ್ಪೆ. ಸಿಪ್ಪೆ ಹಾಕಿದ ನೀರಿನಲ್ಲಿ ಮೊಟ್ಟೆ ಬೇಯಿಸಿದರೆ ಕಂದುಗೆಂಪು ಬಣ್ಣ ಹಿಡಿಯುತ್ತದೆ. ಉಕ್ರೇನಿನವರು ಜೇನುಮೇಣದಿಂದ ಮೊಟ್ಟೆಯ ಮೇಲೆ ಚಿತ್ತಾರ ಬರೆದು ಬಣ್ಣದಲ್ಲಿ ಅದ್ದುತ್ತಾರೆ. ಆ ಕಲೆಯನ್ನು 2024ರಲ್ಲಿ ಯುನೆಸ್ಕೋ ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರು ಅಡುಗೆಮನೆ ಮತ್ತು ಜೇನುಗೂಡನ್ನು ನೆಚ್ಚಿದರು. ನಮ್ಮ ಹಿರಿಯರು ಕೆರೆಯ ಮಣ್ಣನ್ನು ನೆಚ್ಚಿದರು. ಕೈಗೆಟಕುವ ವಸ್ತುವಿನಿಂದ ಹಬ್ಬ ಮಾಡಬೇಕೆಂಬ ವಿವೇಕ ಎರಡೂ ಕಡೆ ಒಂದೇ.

ಮಣ್ಣೆತ್ತು ಮಾಡುವುದು ನಾಲ್ಕೈದು ವರ್ಷದ ಮಗುವಿಗೂ ಸುಲಭ. ಕೆರೆಯ ಹೂಳು ಅಥವಾ ಎರೆಮಣ್ಣನ್ನು ಹರಳು, ಬೇರು ತೆಗೆದು ಜರಡಿ ಹಿಡಿದು ಒಂದು ರಾತ್ರಿ ನೆನೆಯಿಡಬೇಕು. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಮರಳು, ಜೊತೆಗೆ ಹಿಡಿಯಷ್ಟು ಒಣ ಸೆಗಣಿಪುಡಿ ಸೇರಿಸಿ ರೊಟ್ಟಿಯ ಹಿಟ್ಟಿನ ಹದಕ್ಕೆ ನಾದಬೇಕು. ಮೈಗೊಂದು ಉಂಡೆ, ಹಿಣಿಲಿಗೊಂದು ಉಂಡೆ, ನಾಲ್ಕು ದಪ್ಪ ಕಾಲು. ಸೇರಿಸುವ ಜಾಗವನ್ನು ಕಡ್ಡಿಯಿಂದ ಗೀರಿ, ತೆಳುಗೆಸರು ಹಚ್ಚಿ ಒತ್ತಿದರೆ ಕಾಲು ಕಳಚುವುದಿಲ್ಲ. ಕಣ್ಣಿಗೆ ಜೋಳದ ಕಾಳು, ಕೊರಳಿಗೆ ಕುಸುಬಿಯ ಸಾಲು, ಮುಂದೊಂದು ಗೋದಲಿ. ಬಿಸಿಲಿಗಿಡದೆ ನೆರಳಿನಲ್ಲಿ ಮೂರು ದಿನ ಒಣಗಿಸಬೇಕು. ಬಣ್ಣ ಬೇಕೆಂದರೆ ಕೆಮ್ಮಣ್ಣು, ಅರಿಸಿನ ಸಾಕು. ಅರಿಸಿನಕ್ಕೆ ಚಿಟಿಕೆ ಸುಣ್ಣ ಬೆರೆತೊಡನೆ ಅದು ಕೆಂಪಾಗುವುದನ್ನು ನೋಡಿ ಮಕ್ಕಳು ಬೆರಗಾಗುತ್ತಾರೆ. ಸುಣ್ಣವನ್ನು ಮಾತ್ರ ಹಿರಿಯರೇ ಬೆರೆಸಲಿ, ಅದು ಕಣ್ಣಿಗೆ ಅಪಾಯಕಾರಿ.

ಇದರಲ್ಲಿ ವಿಜ್ಞಾನವೆಲ್ಲಿದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಮರಳು ಬೆರೆಸದೆ ಒಂದು ಎತ್ತು, ಬೆರೆಸಿ ಇನ್ನೊಂದು ಎತ್ತು ಮಾಡಿ ನೋಡಿರಿ. ಮೊದಲನೆಯದರ ಬೆನ್ನು ಬಿರಿಯುತ್ತದೆ. 0.002 ಮಿಲಿಮೀಟರಿಗಿಂತ ಸಣ್ಣವಾದ ಜೇಡಿಕಣಗಳು ಎರೆಮಣ್ಣಿನಲ್ಲಿ ಹೇರಳವಾಗಿವೆ. ಅವುಗಳಲ್ಲಿ ಸ್ಮೆಕ್ಟೈಟ್ ಎಂಬ ಜಾತಿಯವು ಹಾಳೆಯ ಮೇಲೆ ಹಾಳೆ ಇಟ್ಟಂತಿದ್ದು, ನೀರು ಹಾಳೆಗಳ ನಡುವೆ ಹೊಕ್ಕಾಗ ಮಣ್ಣು ಉಬ್ಬುತ್ತದೆ, ನೀರು ಹೊರಟಾಗ ಕುಗ್ಗಿ ಸೀಳುತ್ತದೆ. ಮೂಡಲಗಿಯ ಎರೆ ಹೊಲಗಳಲ್ಲಿ ಬೇಸಿಗೆಯಲ್ಲಿ ಕಾಣುವ ಬಿರುಕೂ ಇದೇ. ಮಸಾರಿ ಮಣ್ಣಿನ ಜೇಡಿ ಬಹುತೇಕ ಬೇರೆ ಜಾತಿಯದು, ಇಷ್ಟು ಉಬ್ಬುವುದಿಲ್ಲ. ಗೋಕಾಕದ ಮರಳುಗಲ್ಲಿನ ಗುಡ್ಡಗಳ ಮೇಲಿನ ಮಣ್ಣಿನಲ್ಲಿ ಮರಳೇ ಹೆಚ್ಚಾದುದರಿಂದ ಎತ್ತು ಕಟ್ಟಲು ಹೋದರೆ ಅದು ಉದುರಿಬಿಡುತ್ತದೆ. ಮೂರು ಬಗೆಯ ಮಣ್ಣಿನಲ್ಲಿ ಮೂರು ಎತ್ತು ಮಾಡಿದ ಮಗು ಪುಸ್ತಕ ತೆರೆಯುವ ಮೊದಲೇ ಮಣ್ಣಿನ ವರ್ಗೀಕರಣವನ್ನು ಬೆರಳಿನಿಂದ ಕಲಿತಿರುತ್ತದೆ.

ಈ ಅರಿವು ಆಟಕ್ಕೆ ಸೀಮಿತವಾದುದಲ್ಲ. ಹಿಡಕಲ್ ಜಲಾಶಯ ಮತ್ತು ಧೂಪದಾಳದ ಒಡ್ಡಿನಿಂದ ಹರಿದ ಘಟಪ್ರಭೆಯ ನೀರು ಈ ಸೀಮೆಗೆ ಕಬ್ಬನ್ನೂ ಸಿರಿಯನ್ನೂ ತಂದಿತು; ನೀರು ಅತಿಯಾದ ಎರೆ ಹೊಲಗಳಿಗೆ ಸವಳು-ಜವಳನ್ನೂ ತಂದಿತು. ಎರೆ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಬಸಿಯದೆ ನಿಂತ ನೀರು ಆವಿಯಾಗುತ್ತ ಲವಣವನ್ನು ಮೇಲಕ್ಕೆ ತರುತ್ತದೆ. ಇಂದು ಮಣ್ಣೆತ್ತು ಒಣಗಲು ಮೂರು ದಿನ ಕಾಯುವ ಮಗುವೇ ಇನ್ನು ಇಪ್ಪತ್ತು ವರ್ಷಕ್ಕೆ ಹೊಲಕ್ಕೆ ಎಷ್ಟು ನೀರು ಬಿಡಬೇಕೆಂದು ತೀರ್ಮಾನಿಸಲಿದೆ. ಮಣ್ಣನ್ನು ಮುಟ್ಟದೆ ಬೆಳೆದವನ ಕೈಗೆ ಆ ತೀರ್ಮಾನ ಹೋಗುವುದು ನನಗೆ ಆತಂಕದ ಸಂಗತಿ. ಖಿಲಾರಿ, ಕೃಷ್ಣಾತೀರದಂಥ ತಳಿಗಳ ಎತ್ತುಗಳಿದ್ದ ಕೊಟ್ಟಿಗೆಗಳಲ್ಲಿ ಇಂದು ಟ್ರ್ಯಾಕ್ಟರ್ ನಿಂತಿದೆ. ಹಿಣಿಲು ಎಲ್ಲಿರುತ್ತದೆ, ಕೋಡು ಹೇಗೆ ಬಾಗುತ್ತದೆ ಎಂಬುದನ್ನು ಮಗು ನೋಡಿ ಮಾಡುವ ಸಂದರ್ಭವೂ ಇದೊಂದೇ ಉಳಿದಿದೆ.

ಮಣ್ಣೆಂದರೆ ಕೊಳೆ, ರೋಗ ಎಂಬುದು ಕೆಲವು ಪಾಲಕರ ಆಕ್ಷೇಪ. ಅದನ್ನು ತಳ್ಳಿಹಾಕಲಾಗದು. ಶೌಚದ ಬಯಲಿನಿಂದ, ಚರಂಡಿಯ ಬದಿಯಿಂದ, ಈಚೆಗೆ ಔಷಧ ಸಿಂಪಡಿಸಿದ ಹೊಲದಿಂದ ಮಣ್ಣು ತರಬಾರದು. ಕೈಗೆ ಗಾಯವಿರುವ ಮಗು ಅಂದು ದೂರವಿರಲಿ. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಲಿ. ಆದರೆ ಗುರುತಿಲ್ಲದ ಬಣ್ಣ ಬಳಿದ ಗೊಂಬೆ ನಿರಪಾಯವೆಂಬ ನಂಬಿಕೆಯೂ ಸರಿಯಲ್ಲ. ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಬೇಕಾಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು ಬೇಡವೆಂದಿತು. ಗಣಪನಿಗೆ ಸಲ್ಲುವ ಮಾತು ಎತ್ತಿಗೂ ಸಲ್ಲುತ್ತದೆ.

ಮತ್ತೊಂದು ಆಕ್ಷೇಪ ಹೆಚ್ಚು ತೂಕದ್ದು: ಎಲ್ಲರೂ ಮನೆಯಲ್ಲೇ ಮಾಡಿದರೆ ಕುಂಬಾರರ ಗತಿಯೇನು? ಕುಂಬಾರನಿಂದ ಎತ್ತನ್ನು ಕೊಳ್ಳುವ ಬದಲು ಅವನು ಹದ ಮಾಡಿದ ಮಣ್ಣನ್ನು ಕೊಳ್ಳೋಣ. ಶಾಲೆಗಳು ಅವನನ್ನು ಗುರುವಾಗಿ ಕರೆದು ಗೌರವಧನ ಕೊಡಲಿ. ಮಣ್ಣಿನ ಹದ ಬಲ್ಲವನು ಊರಿನಲ್ಲಿ ಅವನೇ. ಹಗುರ ಮರದ ಹಣ್ಣು, ಗೊಂಬೆಗಳಿಗೆ ಹೆಸರಾದ ಗೋಕಾಕದಲ್ಲಿ ಕುಶಲಕರ್ಮಿಯನ್ನು ತರಗತಿಗೆ ಕರೆಯುವುದು ಹೊಸ ಮರ್ಯಾದೆಯೇನಲ್ಲ, ಸಲ್ಲಬೇಕಾದ ಮರ್ಯಾದೆ.

ಶಿಕ್ಷಕರಲ್ಲಿ ಒಂದು ವಿನಂತಿ. ಮಣ್ಣೆತ್ತಿನ ಸ್ಪರ್ಧೆ ಬೇಡ. ಬಹುಮಾನವಿಟ್ಟೊಡನೆ ಅಪ್ಪಂದಿರು ಎತ್ತು ಮಾಡುತ್ತಾರೆ, ಮಕ್ಕಳು ಹೊತ್ತು ತರುತ್ತಾರೆ. ಅದರ ಬದಲು ಅಮಾವಾಸ್ಯೆಯ ಹಿಂದಿನ ವಾರ ಒಂದು ಮಧ್ಯಾಹ್ನವನ್ನು ಮಣ್ಣಿಗೆ ಬಿಟ್ಟುಕೊಡಿರಿ. ಪಾಲಕರೇ, ಡೊಂಕಾದುದನ್ನು ತಿದ್ದಲು ಹೋಗಬೇಡಿರಿ. ಮಣ್ಣಿಗಾಗಿ ಹುತ್ತವನ್ನು ಒಡೆಯಬೇಡಿರಿ, ಗುಡ್ಡದ ಇಳಿಜಾರನ್ನು ಅಗೆಯಬೇಡಿರಿ. ಮಳೆಗಾಲದ ಮೊದಲು ಕೆರೆಯ ಹೂಳೇ ಬೇಕಾದಷ್ಟಿರುತ್ತದೆ.

ಪೂಜೆ ಮುಗಿದ ಬಳಿಕ ಎತ್ತುಗಳನ್ನು ಹೊಳೆಗೆ ಹಾಕುವ ಅಗತ್ಯವಿಲ್ಲ. ಹೊಲದ ಬದುವಿನ ಮೇಲೆ ಇಟ್ಟರೆ ಮುಂಗಾರಿನ ಎರಡು ಮಳೆಗೆ ಅವು ಕರಗುತ್ತವೆ, ಕಣ್ಣಾಗಿದ್ದ ಜೋಳ ಮೊಳೆಯುತ್ತದೆ. ಅದನ್ನು ನೋಡಲು ಮಗುವನ್ನು ಕರೆದುಕೊಂಡು ಹೋಗುವುದನ್ನು ಮಾತ್ರ ಮರೆಯಬಾರದು.