ಗದ್ದೆಯ ಮೇಲೊಂದು ಶನಿವಾರದ ಮನೆ

ಬೆಳಗಾವಿಯಲ್ಲಿ ನಾಲ್ಕು ಕಾಸು ಕಂಡವರ ಮಾತು ಈಗ ಮೊದಲಿನಂತಿಲ್ಲ. ಹಿಂದೆ ಮಗಳ ಮದುವೆ, ಹಜ್ ಯಾತ್ರೆ, ಮಗನ ಡಾಕ್ಟರಿಕೆ ಎಂದು ಲೆಕ್ಕ ಹಾಕುತ್ತಿದ್ದವರು ಇಂದು "ಜಾಂಬೋಟಿ ಕಡೆ ಇಪ್ಪತ್ತು ಗುಂಟೆ ಹಿಡದೀವ್ರೀ, ಸಣ್ಣದೊಂದು ಫಾರ್ಮ್‌ಹೌಸ್" ಎನ್ನುತ್ತಾರೆ. ವಕೀಲರು, ವೈದ್ಯರು, ಗುತ್ತಿಗೆದಾರರು, ಕೊಲ್ಲಿಯಿಂದ ಮರಳಿದ ನಮ್ಮವರು, ಎಲ್ಲರೂ ಈ ಸಾಲಿನಲ್ಲಿದ್ದಾರೆ. ಊರೊಳಗೆ ಬಾಡಿಗೆ ಮನೆ ಕೇಳಲು ಹೋದರೆ ಹೆಸರು ಕೇಳಿದೊಡನೆ "ಮನಿ ಆಗಲೇ ಹೋತ್ರೀ" ಎನ್ನುವ ಇದೇ ಸಮಾಜ, ಕಾಡಿನಂಚಿನ ಜಮೀನು ಮಾರುವಾಗ ಮಾತ್ರ ಅಪ್ಪಟ ಜಾತ್ಯತೀತವಾಗುತ್ತದೆ. ಈ ಸೌಹಾರ್ದವನ್ನು ಕಂಡು ಸಂತೋಷಪಡುವುದು ನನ್ನಿಂದಾಗದು.

ಖಾನಾಪುರ ತಾಲ್ಲೂಕೆಂದರೆ ಬರೀ ಹಸಿರು ನೋಟವಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ಗದ್ದೆಗಳ ನಡುವೆಯೇ ಹರಿದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಇಳಿಯುತ್ತಾಳೆ. ಪಕ್ಕದ ಭೀಮಗಡದ ಕಾಡಿನಲ್ಲಿ ಮಹದಾಯಿ ಹುಟ್ಟುತ್ತದೆ. ಆ ನೀರಿನ ಪಾಲಿಗಾಗಿ ನರಗುಂದದ ರೈತರು 2015ರಿಂದ ವರ್ಷಗಟ್ಟಲೆ ಧರಣಿ ಕೂತರು; 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದಿತು. ಗೋವೆಯೊಡನೆ ಹನಿ ಹನಿಗೂ ಜಗಳವಾಡುವ ನಾವು, ನದಿ ಹುಟ್ಟುವ ತಾಲ್ಲೂಕಿನಲ್ಲಿ ಬೋರ್‌ವೆಲ್ ಕೊರೆದು ಈಜುಕೊಳ ತುಂಬಿಸುವವನನ್ನು ಮಾತ್ರ ಯಾವ ಲೆಕ್ಕವನ್ನೂ ಕೇಳುವುದಿಲ್ಲ.

ಈ ಜಮೀನು ಇಷ್ಟು ಸಲೀಸಾಗಿ ಕೈ ಬದಲಿಸುತ್ತಿರುವುದು ಹೇಗೆ? ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ, ಉಳುವವನೇ ಒಡೆಯನಾದ. ಬೇಸಾಯವಿಲ್ಲದವರು, ಹೊರಗಿನ ಆದಾಯ ಹೆಚ್ಚಿರುವವರು ಕೃಷಿ ಭೂಮಿ ಕೊಳ್ಳದಂತೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಕಾವಲಿದ್ದವು. ಆದಾಯದ ಮಿತಿಯನ್ನು 2015ರಲ್ಲಿ 25 ಲಕ್ಷಕ್ಕೆ ಏರಿಸಲಾಯಿತು. 2020ರಲ್ಲಿ ಆ ಕಲಮುಗಳನ್ನೇ ಕಿತ್ತುಹಾಕಲಾಯಿತು. ಕಾವಲಿದ್ದಾಗಲೂ ಸುಳ್ಳು ಪ್ರಮಾಣಪತ್ರ ತಂದು ರೈತರಾದವರಿದ್ದರು, ಕಚೇರಿಯಲ್ಲಿ ಕೈ ಬಿಸಿ ಮಾಡದೆ ಕಡತ ಜರುಗುತ್ತಿರಲಿಲ್ಲ, ಒಪ್ಪೋಣ. ಆದರೆ ಬೀಗ ಮುರಿಯುವವರಿದ್ದಾರೆಂದು ಬಾಗಿಲನ್ನೇ ಕಿತ್ತು ಬಿಸಾಡುವುದು ಯಾವ ಸೀಮೆಯ ನ್ಯಾಯ? ಗುಡ್ಡಗಾಡಿನ ಹಿಮಾಚಲ ಪ್ರದೇಶವನ್ನು ನೋಡಿ. 1972ರ ಕಾಯ್ದೆಯ 118ನೇ ಕಲಮನ್ನು ಅದು ಇಂದಿಗೂ ಉಳಿಸಿಕೊಂಡಿದೆ. ರೈತನಲ್ಲದವನು ಸರ್ಕಾರದ ಅನುಮತಿಯಿಲ್ಲದೆ ಅಲ್ಲಿ ಹೊಲ ಕೊಳ್ಳುವಂತಿಲ್ಲ.

ಮಾರುವವನನ್ನು ನಾನು ದೂರುವುದಿಲ್ಲ. ಭತ್ತದ ಬೆಲೆ ಅವನ ಕೈ ಹಿಡಿಯುವುದಿಲ್ಲ, ಕಾಡುಕೋಣ ಬೆಳೆ ಬಿಡುವುದಿಲ್ಲ, ಆಸ್ಪತ್ರೆಯ ಬಿಲ್ಲು ಕಾಯುವುದಿಲ್ಲ. ಕೊಳ್ಳುವವರು ಹೇಳುವ ಮಾತೂ ಗೊತ್ತು: "ಒಳ್ಳೇ ರೇಟು ಕೊಟ್ಟೀವಿ, ಮ್ಯಾಲೆ ಅವನಿಗೇ ಕೆಲಸಾನೂ ಕೊಟ್ಟೀವಿ." ಆ ಕೆಲಸ ಯಾವುದೆಂದು ಸ್ವಲ್ಪ ನೋಡಿ. ಉತಾರದಲ್ಲಿ ಅಜ್ಜನ ಕಾಲದಿಂದ ಹೆಸರಿದ್ದವನು ಅದೇ ನೆಲದ ಗೇಟಿನ ಬೀಗದ ಕೈ ಹಿಡಿದು, ಶನಿವಾರ ಕಾರು ಬಂದಾಗ ಸಲಾಮು ಹೊಡೆಯುವುದು. ಅವನಿಗಾದರೂ ಒಂದಿಷ್ಟು ದುಡ್ಡು ಬಂತು. ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಆ ಗದ್ದೆಯಲ್ಲಿ ಸಸಿ ನೆಡುತ್ತಿದ್ದ ಹೆಂಗಸರಿಗೆ ಏನು ಬಂತು? ನಾಟಿ, ಕಳೆ, ಕೊಯ್ಲು ಎಂದು ವರ್ಷದ ಇಷ್ಟು ದಿನದ ಕೂಲಿ ಆ ಗದ್ದೆಯಿಂದ ಹುಟ್ಟುತ್ತಿತ್ತು. ಖರೀದಿ ಪತ್ರಕ್ಕೆ ಅವರ ಸಹಿ ಬೇಕಿಲ್ಲ, ಹೆಬ್ಬೆಟ್ಟೂ ಬೇಕಿಲ್ಲ. ಗದ್ದೆಯ ಮೇಲೆ ಲಾನ್ ಹುಲ್ಲು ಹಾಸಿದ ದಿನ ಅವರ ಕೂಲಿ ಸದ್ದಿಲ್ಲದೆ ಸತ್ತಿತು. ಗೌಳಿಗರ ಎಮ್ಮೆಗಳು ಹಳ್ಳಕ್ಕೆ ಇಳಿಯುತ್ತಿದ್ದ ದಾರಿಗೆ ತಂತಿ ಬೇಲಿ ಬಂತು. ಆ ದಾರಿ ಯಾವ ನಕಾಶೆಯಲ್ಲೂ ಇರಲಿಲ್ಲವಾದ್ದರಿಂದ ಅದನ್ನು ಮುಚ್ಚಿದ್ದು ಕಾನೂನಿನ ಕಣ್ಣಿಗೆ ಅಪರಾಧವೂ ಅಲ್ಲ. ನೀರು ಮತ್ತು ಹುಲ್ಲಿನಲ್ಲಿ ಎಲ್ಲರಿಗೂ ಪಾಲಿದೆ ಎಂದು ಪ್ರವಾದಿಯವರು ಕಲಿಸಿದ್ದನ್ನು ಜುಮಾ ಖುತ್ಬಾದಲ್ಲಿ ಕೇಳಿ ತಲೆದೂಗಿದ ನಮ್ಮವರೇ ಮಧ್ಯಾಹ್ನ ಬೇಲಿಯ ಕಂಬ ಎಣಿಸಲು ಹೋಗುತ್ತಾರೆ.

ಇದೇ ತಾಲ್ಲೂಕಿನ ಇನ್ನೊಂದು ಮಗ್ಗುಲು ನೋಡಿ. ಭೀಮಗಡ 2011ರಲ್ಲಿ ಅಭಯಾರಣ್ಯವಾಯಿತು, ಸುಮಾರು 190 ಚದರ ಕಿಲೋಮೀಟರ್. ಒಳಗಿನ ಹಳ್ಳಿಗಳಿಗೆ ನೆಟ್ಟಗೆ ರಸ್ತೆಯಿಲ್ಲ. 2024ರ ಜುಲೈನಲ್ಲಿ ಆಮಗಾಂವದ ಹೆಣ್ಣುಮಗಳೊಬ್ಬಳನ್ನು ಊರವರು ಸುರಿವ ಮಳೆಯಲ್ಲಿ ಹೆಗಲ ಮೇಲೆ ಹೊತ್ತು ಕಾಡು ದಾಟಿಸಬೇಕಾಯಿತು. 2025ರಲ್ಲಿ ತಳೇವಾಡಿಯ ಕುಟುಂಬಗಳಿಗೆ ಹೊರಬರಲು ಪರಿಹಾರದ ಚೆಕ್ ಹಂಚಲಾಯಿತು, ಕುಟುಂಬಕ್ಕೆ ಒಟ್ಟು 15 ಲಕ್ಷ. ತಲೆಮಾರುಗಳಿಂದ ಅಲ್ಲೇ ಬದುಕಿದವರು ಕಾಡಿಗೆ ಭಾರ. ವಾರಕ್ಕೆ ಎರಡು ರಾತ್ರಿ ಸ್ಪೀಕರ್ ಹಚ್ಚಿ ಕುಣಿಯುವವರು ಮಾತ್ರ ಪ್ರಕೃತಿಪ್ರಿಯರು! ವಯನಾಡಿನ ಗುಡ್ಡ ಕುಸಿದ ಮರುದಿನ, 2024ರ ಜುಲೈ 31ರಂದು, ಪಶ್ಚಿಮ ಘಟ್ಟದ ಆರನೇ ಕರಡು ಅಧಿಸೂಚನೆ ಬಂತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಹಳ್ಳಿಗರ ಬದುಕಿಗೆ ಧಕ್ಕೆ ಎಂಬ ಅಂಜಿಕೆ ಸುಳ್ಳಲ್ಲ. ಆದರೆ ಆ ಅಂಜಿಕೆಯ ನೆರಳಿನಲ್ಲಿ ಫಾರ್ಮ್‌ಹೌಸುಗಳೂ ತಣ್ಣಗೆ ಕೂತಿವೆ.

ಹಾಗಾದರೆ ಪಟ್ಟಣದವನು ಮಳೆ ನೋಡಬಾರದೇ? ನೋಡಲಿ, ಮಕ್ಕಳನ್ನೂ ಕರೆದುಕೊಂಡು ಹೋಗಲಿ. ರೈತನ ಮನೆಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿಯಲಿ, ಅವನ ಅಕ್ಕಿಯ ಅನ್ನ ಉಂಡು ಅವನಿಗೇ ದುಡ್ಡು ಕೊಡಲಿ. ಬಾಡಿಗೆಯಾದರೆ ಮನೆ ಅವನದೇ, ಗದ್ದೆ ಅವನದೇ; ನಾವು ಅತಿಥಿಗಳು. ಕೊಂಡರೆ ಅವನು ನಮ್ಮ ಆಳು. ಇಷ್ಟು ವ್ಯತ್ಯಾಸ ತಿಳಿಯಲು ಅರ್ಥಶಾಸ್ತ್ರ ಓದಬೇಕಿಲ್ಲ.

ಬ್ರಿಟನ್ನಿನ ವೇಲ್ಸ್‌ನಲ್ಲಿ ರಜೆಯ ಮನೆಗಳಿಂದ ಊರುಗಳು ಬರಿದಾಗಿ ವೆಲ್ಷ್ ಭಾಷೆ ಆಡುವವರೇ ಮನೆ ಕೊಳ್ಳಲಾರದಂತಾದಾಗ, 2023ರ ಏಪ್ರಿಲ್‌ನಿಂದ ಎರಡನೇ ಮನೆಗಳ ಮೇಲೆ ಶೇ. 300ರವರೆಗೆ ಹೆಚ್ಚುವರಿ ತೆರಿಗೆ ಹಾಕಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಟ್ಟರು. ನಮ್ಮಲ್ಲಿ ಅಷ್ಟು ದೂರ ಹೋಗುವ ಎದೆಗಾರಿಕೆ ಯಾರಿಗೂ ಇಲ್ಲದಿರಬಹುದು. ವಾರಕ್ಕೈದು ದಿನ ಬೀಗ ಹಾಕಿದ ಮನೆಗೆ ಬೇರೆ ದರದ ತೆರಿಗೆ ಬೇಕೆಂದು ಜಾಂಬೋಟಿ, ಕಣಕುಂಬಿಯ ಕಡೆಯ ಗ್ರಾಮಸಭೆಗಳು ಠರಾವು ಬರೆದು ಸರ್ಕಾರಕ್ಕೆ ಕಳಿಸಲು ಯಾರ ಅಪ್ಪಣೆ ಬೇಕು? ಇನ್ನು, ಎಮ್ಮೆ ನಡೆವ ದಾರಿಗಳನ್ನೂ ಹಳ್ಳದ ಇಳಿಜಾರುಗಳನ್ನೂ ಸರ್ವೇ ಮಾಡಿಸಿ ದಾಖಲೆಗೆ ಹತ್ತಿಸಬೇಕು. ಅದನ್ನು ಮುಂದಿನ ಖರೀದಿಗೆ ಮೊದಲೇ ಮಾಡಬೇಕು. ಒಮ್ಮೆ ತಂತಿ ಬೇಲಿ ಎದ್ದರೆ ಕೋರ್ಟಿಗೆ ಅಲೆಯಲು ಗೌಳಿಗನ ಹತ್ತಿರ ಹಣವೂ ಇಲ್ಲ, ಪುರಸೊತ್ತೂ ಇಲ್ಲ.