ಇನ್ನೂರೊಂದು ಮತ, ಎರಡೂವರೆ ಲಕ್ಷ ಮತ

2023ರ ಮೇ ತಿಂಗಳಲ್ಲಿ ಶೃಂಗೇರಿ ವಿಧಾನಸಭಾ ಕ್ಷೇತ್ರದ ಮತ ಎಣಿಕೆ ಮುಗಿದಾಗ ಘೋಷಣೆಯಾದ ಅಂತರ 201. ಕಾಂಗ್ರೆಸ್ಸಿನ ಟಿ.ಡಿ. ರಾಜೇಗೌಡರಿಗೆ 59,171 ಮತಗಳು, ಬಿಜೆಪಿಯ ಡಿ.ಎನ್. ಜೀವರಾಜ್ ಅವರಿಗೆ 58,970. ಆ ಅಂತರದ ಮೇಲಿನ ತಕರಾರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಯಾವುದೋ ಒಂದು ಮೂಲೆಯ ಮತಗಟ್ಟೆಯಲ್ಲಿ ನೂರೊಂದು ಜನ ಮನಸ್ಸು ಬದಲಿಸಿದ್ದರೂ ಫಲಿತಾಂಶ ಅತ್ತಿತ್ತ ಆಗುತ್ತಿತ್ತು. ಇದಾಗಿ ಒಂದು ವರ್ಷಕ್ಕೆ, 2024ರ ಜೂನ್ 4ರಂದು, ನಮ್ಮ ಕ್ಷೇತ್ರವೂ ಸೇರಿರುವ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಫಲಿತಾಂಶ ಬಂತು. ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿಯವರು ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆಯವರನ್ನು 2,59,175 ಮತಗಳಿಂದ ಸೋಲಿಸಿದ್ದರು.

ಇದನ್ನು ಕರಾವಳಿಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಕ್ಷೇತ್ರದ ಎಂಟು ವಿಧಾನಸಭಾ ಭಾಗಗಳಲ್ಲಿ ನಾಲ್ಕು ಘಟ್ಟದ ಕೆಳಗಿನವು: ಕುಂದಾಪುರ, ಉಡುಪಿ, ಕಾಪು, ಕಾರ್ಕಳ. ನಾಲ್ಕು ಘಟ್ಟದ ಮೇಲಿನವು: ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. 2023ರಲ್ಲಿ ಕೆಳಗಿನ ನಾಲ್ಕನ್ನೂ ಬಿಜೆಪಿ ಗೆದ್ದಿತು, ಮೇಲಿನ ನಾಲ್ಕನ್ನೂ ಕಾಂಗ್ರೆಸ್ ಗೆದ್ದಿತು. ಕರಾವಳಿಯ ಆ ನಾಲ್ಕು ಗೆಲುವುಗಳ ಅಂತರವನ್ನು ಕೂಡಿದರೂ ಒಂದು ಲಕ್ಷ ಮುಟ್ಟುವುದಿಲ್ಲ. ಅದರಿಂದ ಮಲೆನಾಡಿನ ಕಾಂಗ್ರೆಸ್ ಮುನ್ನಡೆಯನ್ನು ಕಳೆಯಲೂ ಬೇಕು. ಅಷ್ಟು ಚಿಕ್ಕ ಅಂತರ ಒಂದೇ ವರ್ಷದಲ್ಲಿ ಎರಡೂವರೆ ಲಕ್ಷ ದಾಟಿತೆಂದರೆ, ಸಾವಿರಾರು ಮತದಾರರು ವಿಧಾನಸಭೆಗೆ ಒಂದು ಗುರುತನ್ನೂ ಲೋಕಸಭೆಗೆ ಇನ್ನೊಂದು ಗುರುತನ್ನೂ ಒತ್ತಿದ್ದಾರೆ ಎಂದೇ ಅರ್ಥ.

ಹೀಗೆ ಒತ್ತುವುದು ಮಲೆನಾಡಿಗೆ ಹೊಸದಲ್ಲ. 1980 ಮತ್ತು 1984ರ ಲೋಕಸಭಾ ಚುನಾವಣೆಗಳಲ್ಲಿ ಚಿಕ್ಕಮಗಳೂರು ಕಾಂಗ್ರೆಸ್ಸನ್ನೇ ಆರಿಸಿತು. ಆದರೆ ಅವೆರಡರ ನಡುವೆ, 1983ರಲ್ಲಿ, ಶೃಂಗೇರಿ ಕ್ಷೇತ್ರದವರು ಜನತಾ ಪಕ್ಷದ ಎಚ್.ಜಿ. ಗೋವಿಂದೇಗೌಡರನ್ನು ವಿಧಾನಸೌಧಕ್ಕೆ ಕಳುಹಿಸಿದ್ದರು. ಮುಂದೆ ಶಿಕ್ಷಣ ಸಚಿವರಾಗಿ ಲಂಚವಿಲ್ಲದೆ ಶಿಕ್ಷಕರ ನೇಮಕಾತಿ ಮಾಡಿದವರೆಂದು ನಾಡು ನೆನೆಯುವುದು ಅವರನ್ನೇ. ಊರಿಗೆ ಬೇಕಾದವರು ಬೇರೆ, ದೆಹಲಿಗೆ ಬೇಕಾದವರು ಬೇರೆ ಎಂಬ ವಿವೇಚನೆ ಇಲ್ಲಿನ ಮತದಾರನಿಗೆ ಹಿಂದಿನಿಂದಲೂ ಇದೆ. ಇದನ್ನು ಚಂಚಲತೆ ಎಂದು ಹೀಗಳೆಯುವ ಪಟ್ಟಣದ ಪಂಡಿತರ ಮಾತನ್ನು ನಾವು ಒಪ್ಪಬೇಕಾಗಿಲ್ಲ.

ಚಂಚಲತೆಯನ್ನು ಹುಡುಕುವುದಾದರೆ ಅಭ್ಯರ್ಥಿಗಳಲ್ಲಿ ಹುಡುಕುವುದು ಸುಲಭ. 1978ರಲ್ಲಿ ಇಂದಿರಾ ಗಾಂಧಿಯವರಿಗಾಗಿ ಸ್ಥಾನ ತೆರವು ಮಾಡಿಕೊಟ್ಟ ಡಿ.ಬಿ. ಚಂದ್ರೇಗೌಡರು ಆಮೇಲೆ ಜನತಾ ಪರಿವಾರಕ್ಕೆ ಹೋಗಿ, ಕಾಂಗ್ರೆಸ್ಸಿಗೆ ಮರಳಿ, 1999ರಲ್ಲಿ ಶೃಂಗೇರಿಯಿಂದಲೇ ಶಾಸಕರಾಗಿ, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರಾದರು. ಪ್ರಮೋದ್ ಮಧ್ವರಾಜ್ ಕಾಂಗ್ರೆಸ್ಸಿನ ಸಚಿವರಾಗಿದ್ದವರು. 2019ರಲ್ಲಿ ಜೆಡಿಎಸ್ ಗುರುತಿನಲ್ಲಿ ನಿಂತರು, 2022ರಲ್ಲಿ ಬಿಜೆಪಿ ಸೇರಿದರು. ಜಯಪ್ರಕಾಶ್ ಹೆಗ್ಡೆಯವರು ಕಾಂಗ್ರೆಸ್ಸಿನಿಂದ ಬಿಜೆಪಿಗೆ ಹೋಗಿ, 2024ರ ಮಾರ್ಚ್‌ನಲ್ಲಿ ಚುನಾವಣೆಯ ಹೊಸ್ತಿಲಲ್ಲಿ ಕಾಂಗ್ರೆಸ್ಸಿಗೆ ಹಿಂದಿರುಗಿದರು. ಪಕ್ಷವೆಂಬುದು ನಾಯಕರಿಗೇ ಮಳೆಗಾಲದ ಕಂಬಳಿಯಂತಾಗಿರುವಾಗ ಮತದಾರನಿಂದ ಮಾತ್ರ ನಿಷ್ಠೆಯನ್ನು ಕೇಳುವುದು ಯಾವ ನ್ಯಾಯ?

ಹೆಗ್ಡೆಯವರ ವಿಷಯವನ್ನು ಇನ್ನೂ ಸ್ವಲ್ಪ ನೋಡಬೇಕು. ನಾಲ್ಕು ಲೋಕಸಭಾ ಚುನಾವಣೆಗಳಲ್ಲಿ ಇದೇ ಕ್ಷೇತ್ರದಲ್ಲಿ ಇದೇ ಪಕ್ಷದಿಂದ ನಿಂತವರು ಅವರು. 2009ರಲ್ಲಿ ಡಿ.ವಿ. ಸದಾನಂದ ಗೌಡರೆದುರು 27,018 ಮತಗಳಿಂದ ಸೋತರು. ಸದಾನಂದ ಗೌಡರು 2011ರಲ್ಲಿ ಮುಖ್ಯಮಂತ್ರಿಯಾಗಿ ಸ್ಥಾನ ಬಿಟ್ಟದ್ದರಿಂದ 2012ರ ಮಾರ್ಚ್‌ನಲ್ಲಿ ಉಪಚುನಾವಣೆ ಬಂತು; ಹೆಗ್ಡೆಯವರು ವಿ. ಸುನಿಲ್ ಕುಮಾರ್ ಅವರನ್ನು 45,724 ಮತಗಳಿಂದ ಗೆದ್ದರು. ಎರಡೇ ವರ್ಷದಲ್ಲಿ, 2014ರ ಏಪ್ರಿಲ್‌ನ ಚುನಾವಣೆಯಲ್ಲಿ, ಶೋಭಾ ಕರಂದ್ಲಾಜೆಯವರೆದುರು 1,81,643 ಮತಗಳಿಂದ ಸೋತರು. ಜನ ಅವರನ್ನು ಕೈಬಿಟ್ಟರೆಂದು ಅಂದು ಎಲ್ಲರೂ ಬರೆದರು. ಆದರೆ 2012ರಲ್ಲಿ ಅವರು ಪಡೆದದ್ದು 3,98,723 ಮತ, 2014ರಲ್ಲಿ ಪಡೆದದ್ದು 3,99,525. ಸೋತ ವರ್ಷ ಎಂಟುನೂರು ಮತ ಹೆಚ್ಚೇ ಬಂದಿತ್ತು! ಬದಲಾದದ್ದು ಎದುರು ಪಕ್ಷದ ಅಂಕಿ: 3,52,999ರಿಂದ 5,81,168ಕ್ಕೆ. ಉಪಚುನಾವಣೆಯಲ್ಲಿ ಮನೆಯಲ್ಲೇ ಉಳಿದವರು, ಮೊದಲ ಬಾರಿ ಮತ ಹಾಕಿದವರು, ಜೆಡಿಎಸ್‌ಗೆ ಹಾಕಿದ್ದವರು, ಇವರೆಲ್ಲ ಸೇರಿ ಆ ಅಂತರವನ್ನು ಕಟ್ಟಿದರು. 2012ರಲ್ಲಿ ಎಪ್ಪತ್ತು ಸಾವಿರ ದಾಟಿದ್ದ ಜೆಡಿಎಸ್ 2014ರಲ್ಲಿ ಹದಿನೈದು ಸಾವಿರದ ಆಸುಪಾಸಿಗೆ ಕುಸಿದಿತ್ತು. ಉಪಚುನಾವಣೆಯಲ್ಲಿ ಪ್ರಧಾನಿ ಯಾರೆಂಬ ಪ್ರಶ್ನೆ ಇರಲಿಲ್ಲ. 2014ರಲ್ಲಿ ಅದೊಂದೇ ಪ್ರಶ್ನೆ ಇತ್ತು.

2019ರ ಪಾಠ ಇನ್ನೊಂದು ಬಗೆಯದು. ಕಾಂಗ್ರೆಸ್ ಮತ್ತು ಜೆಡಿಎಸ್ ಒಂದಾಗಿ ನಿಂತವು. ಕಾಗದದ ಮೇಲೆ ಮತಗಳು ಕೂಡಿಕೊಳ್ಳಬೇಕಿತ್ತು. ಮತಯಂತ್ರದಲ್ಲಿ ಕೈ ಗುರುತು ಇರಲಿಲ್ಲ, ತೆನೆ ಹೊತ್ತ ಮಹಿಳೆ ಇದ್ದಳು. ಮೈತ್ರಿ ಅಭ್ಯರ್ಥಿಗೆ ಬಂದದ್ದು 3,69,317. ಐದು ವರ್ಷಗಳ ಹಿಂದೆ ಕಾಂಗ್ರೆಸ್ ಒಂಟಿಯಾಗಿ ಪಡೆದದ್ದಕ್ಕಿಂತ ಮೂವತ್ತು ಸಾವಿರ ಕಡಿಮೆ. ಬಿಜೆಪಿಯ ಅಂತರ 3,49,599ಕ್ಕೆ ಏರಿತು. ಬೆಂಗಳೂರಿನಲ್ಲಿ ಕೈಕುಲುಕಿದವರ ಹಿಂದೆ ಕೊಪ್ಪದ ಮತ ತಾನಾಗಿ ನಡೆದು ಬರುವುದಿಲ್ಲ. 2023ರಲ್ಲಿ ಶೃಂಗೇರಿಯಲ್ಲಿ ಜೆಡಿಎಸ್‌ನ ಸುಧಾಕರ ಶೆಟ್ಟಿಯವರಿಗೆ ಹತ್ತೊಂಬತ್ತು ಸಾವಿರದಷ್ಟು ಮತ ಬಿದ್ದಿತ್ತು, ಅಂದರೆ ಗೆಲುವಿನ ಅಂತರದ ತೊಂಬತ್ತು ಪಟ್ಟಿಗೂ ಮೀರಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ ಪಕ್ಷ ಬಿಜೆಪಿಯೊಡನೆ ಹೋಯಿತು. ಮಲೆನಾಡಿನಲ್ಲಿ ಒಂದು ಕಾಲಕ್ಕೆ ಸಮಾಜವಾದಿಗಳೂ ರೈತಸಂಘದವರೂ ನಿಂತಿದ್ದ ಮೂರನೆಯ ನೆಲೆ ಹೀಗೆ ತೊಲೆ ತೊಲೆಯಾಗಿ ಕಳಚುತ್ತ ಬಂದಿದೆ. 1996ರಲ್ಲಿ ಜನತಾದಳದ ಬಿ.ಎಲ್. ಶಂಕರ್ ಈ ಭಾಗದ ಸಂಸದರಾಗಿದ್ದರೆಂಬುದು ಇಂದಿನ ವಿದ್ಯಾರ್ಥಿಗಳಿಗೆ ಪುರಾಣದಂತೆ ಕೇಳಿಸೀತು. 1998ರಿಂದ ಮೂರು ಬಾರಿ ಡಿ.ಸಿ. ಶ್ರೀಕಂಠಪ್ಪನವರು ಬಿಜೆಪಿಯಿಂದ ಗೆದ್ದರು. ಬಾಬಾಬುಡನ್‌ಗಿರಿ ವಿವಾದ ಜಿಲ್ಲೆಯನ್ನು ಇಬ್ಭಾಗ ಮಾಡಿದ ವರ್ಷಗಳೂ ಅವೇ.

ಇಷ್ಟೆಲ್ಲ ಅಂಕಿಗಳನ್ನು ಪರಿಸರ ಪತ್ರಿಕೆಯೊಂದರಲ್ಲಿ ಏಕೆ ಹೇಳಬೇಕು? ಏಕೆಂದರೆ ನಾವು ಬಿಗಿಯಾಗಿ ಹಿಡಿದು ಚಲಾಯಿಸುವ ಮತ ಒಂದು, ಸಡಿಲವಾಗಿ ಬಿಟ್ಟುಕೊಡುವ ಮತ ಇನ್ನೊಂದು; ನಮ್ಮ ಕಾಡು, ಗದ್ದೆ, ತೋಟಗಳ ಹಣೆಬರಹ ಬಹುಪಾಲು ಇರುವುದು ಆ ಸಡಿಲವಾದ ಮತದಲ್ಲಿ.

ವಿಧಾನಸಭೆಗೆ ನಿಂತವರನ್ನು ನಾವು ಬಿಡುವುದಿಲ್ಲ. ಕಾಲುಸಂಕ ಏನಾಯಿತು, ಬಗರ್‌ಹುಕುಂ ಅರ್ಜಿ ಏನಾಯಿತು, 94ಸಿ ಹಕ್ಕುಪತ್ರ ಎಲ್ಲಿ, ಸೊಪ್ಪಿನಬೆಟ್ಟದ ಗಡಿ ಯಾರು ಗುರುತಿಸಿದರು ಎಂದು ಅಂಗಳದಲ್ಲೇ ನಿಲ್ಲಿಸಿ ಕೇಳುತ್ತೇವೆ. ಶೃಂಗೇರಿಯ ಅಂತರ 2013ರಲ್ಲಿ 3,452, 2018ರಲ್ಲಿ 1,989, 2023ರಲ್ಲಿ 201 ಎಂದು ಕಿರಿದಾಗುತ್ತ ಬಂದಿರುವಾಗ ಅವರಿಗೂ ಉತ್ತರ ಹೇಳದೆ ಗತಿಯಿಲ್ಲ. ಲೋಕಸಭೆಗೆ ನಿಂತವರನ್ನು ಯಾರೂ ಹೀಗೆ ಕೇಳುವುದಿಲ್ಲ. ಎರಡೂವರೆ ಲಕ್ಷದ ಅಂತರದಲ್ಲಿ ಗೆಲ್ಲುವವರಿಗೂ ಸೋಲುವವರಿಗೂ ಕೆರೆಕಟ್ಟೆಯ ಪ್ರಶ್ನೆ ಕಿವಿಗೆ ಬೀಳುವ ಅಗತ್ಯವೇ ಇಲ್ಲ.

ಆದರೆ ಪರಿಸರ ಸೂಕ್ಷ್ಮ ಪ್ರದೇಶದ ಅಧಿಸೂಚನೆ ಹೊರಡುವುದು ದೆಹಲಿಯಿಂದ, 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ. ಕಸ್ತೂರಿರಂಗನ್ ಸಮಿತಿಯ ವರದಿಯ ಮೇಲಿನ ಮೊದಲ ಕರಡು ಬಂದದ್ದು 2014ರ ಮಾರ್ಚ್ 10ರಂದು, ಲೋಕಸಭಾ ಮತದಾನಕ್ಕೆ ಐದು ವಾರ ಇರುವಾಗ. ಆಮೇಲೆ 2015, 2017, 2018, 2022ರಲ್ಲಿ ಒಂದೊಂದು ಕರಡು. ಆರನೆಯದು 2024ರ ಜುಲೈ 31ರಂದು, ಲೋಕಸಭಾ ಫಲಿತಾಂಶ ಬಂದು ಎರಡು ತಿಂಗಳೂ ತುಂಬುವ ಮೊದಲು, ವಯನಾಡಿನ ಗುಡ್ಡ ಜಾರಿದ ಮರುದಿನ. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಇದರ ವ್ಯಾಪ್ತಿಯಲ್ಲಿದೆ. ರಾಜ್ಯದಲ್ಲಿ ಬಿಜೆಪಿ ಸರ್ಕಾರವಿದ್ದಾಗ ವರದಿ ಬೇಡವೆಂದಿತು. ಕಾಂಗ್ರೆಸ್ ಸರ್ಕಾರದ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಬೇಡವೆಂದಿತು. ಕೇಂದ್ರದಲ್ಲಿ ಯುಪಿಎ ಇದ್ದಾಗಲೂ ಎನ್‌ಡಿಎ ಇದ್ದಾಗಲೂ ಕರಡುಗಳು ಬರುತ್ತಲೇ ಇದ್ದವು. ಇಲ್ಲಿ ವಿರೋಧ, ಅಲ್ಲಿ ಕರಡು. ನಡುವೆ ಭಯ ಮಾತ್ರ ಹಳ್ಳಿಯವರ ಪಾಲು. ವರದಿಯಲ್ಲಿ ಗಣಿಗಾರಿಕೆ, ಕಲ್ಲುಕ್ವಾರಿ, ಕೆಂಪು ವರ್ಗದ ಕೈಗಾರಿಕೆಗಳಿಗೆ ನಿಷೇಧವಿದೆ. ಅಡಿಕೆ ತೋಟಕ್ಕೆ ಇಲ್ಲ. ಇದನ್ನು ಬಿಡಿಸಿ ಹೇಳುವ ಅಭ್ಯರ್ಥಿ ಒಬ್ಬನೂ ಬೇಡವೇ? ಒಪ್ಪುವವನಾಗಲಿ, ವಿರೋಧಿಸುವವನಾಗಲಿ, ಓದಿಕೊಂಡು ಬಂದು ಮಾತಾಡಲಿ. ಎಲ್ಲ ಪಕ್ಷಗಳೂ ಒಂದೇ ಬೆದರಿಕೆಯನ್ನು ಹಂಚುವ ಕಡೆ ಬಹುಪಕ್ಷ ಪದ್ಧತಿ ಇದ್ದೂ ಇಲ್ಲದಂತೆ.

ಇನ್ನು ಅರಣ್ಯ ಹಕ್ಕು ಕಾಯ್ದೆ. ಸಂಸತ್ತು 2006ರಲ್ಲಿ ಮಾಡಿದ್ದು. ಗೌಡಲು, ಹಸಲರು, ಮಲೆಕುಡಿಯರಂಥ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ನೆಲೆಸಿದ್ದರೆ ಸಾಕು. ಉಳಿದ ಅರಣ್ಯವಾಸಿಗಳು ಆ ದಿನಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ, ಅಲ್ಲಿ ಬದುಕಿದ್ದನ್ನು ತೋರಿಸಬೇಕು. 1930ರ ಕಾಗದವನ್ನು ಯಾವ ಹುಲ್ಲಿನ ಮನೆಯ ಯಾವ ಮಾಡಿನಿಂದ ತೆಗೆದುಕೊಡುವುದು? ಊರಿನ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ನಿಯಮವೇ ಹೇಳುತ್ತದೆ. ಅರ್ಜಿ ತಿರಸ್ಕರಿಸುವಾಗ ಅದನ್ನು ಮರೆಯುವ ಅಧಿಕಾರಿಗಳೇ ಹೆಚ್ಚು. ಎಪ್ಪತ್ತೈದು ವರ್ಷದ ಆ ಮಾತನ್ನು ಸಡಿಲಿಸುವ ಅಧಿಕಾರ ಶಾಸಕರಿಗಿಲ್ಲ, ಸಂಸತ್ತಿಗಿದೆ. ಅರಣ್ಯ ಸಂರಕ್ಷಣಾ ಕಾಯ್ದೆಯನ್ನು 2023ರಲ್ಲಿ ತಿದ್ದಿದ್ದೂ ಸಂಸತ್ತೇ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ಕೇಂದ್ರ ಸರ್ಕಾರ. ಆನೆ, ಕಾಟಿಗಳ ವಿಷಯದ ವನ್ಯಜೀವಿ ಕಾಯ್ದೆಯೂ ಕೇಂದ್ರದ್ದೇ.

ಕುದುರೆಮುಖದ ಗಣಿ ನಿಂತದ್ದು ಮತದಿಂದಲ್ಲ, ಸುಪ್ರೀಂ ಕೋರ್ಟಿನ 2002ರ ಆದೇಶದಿಂದ. ಅದರ ಹಿಂದೆ ಹೋರಾಟಗಾರರ ವರ್ಷಗಳ ದುಡಿಮೆ ಇತ್ತು. ರಾಷ್ಟ್ರೀಯ ಉದ್ಯಾನದೊಳಗಿನ ಕುಟುಂಬಗಳ ಒಕ್ಕಲೆಬ್ಬಿಸುವ ಭೀತಿಗೆ ಮಾತ್ರ ನ್ಯಾಯಾಲಯವೂ ಸಂಸದರೂ ಉತ್ತರ ಕೊಡಲಿಲ್ಲ. ಆ ಖಾಲಿ ಜಾಗಕ್ಕೆ ಬಂದೂಕು ಬಂತು. 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದಲ್ಲಿ ಗುಂಡು ಸಿಡಿದ ಮೇಲೆ ಕಾಡಂಚಿನ ಎಷ್ಟೋ ಮತಗಟ್ಟೆಗಳು ಸೂಕ್ಷ್ಮ ಮತಗಟ್ಟೆಗಳಾಗಿ ಪೊಲೀಸ್ ಕಾವಲಿನಲ್ಲಿ ಮತ ಹಾಕಿದವು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಸರ್ಕಾರಕ್ಕೆ ಶರಣಾದರು. ಬಂದೂಕು ಹೋಯಿತು, ಅರ್ಜಿಗಳು ಕಚೇರಿಯಲ್ಲೇ ಇವೆ.

ಪ್ರಧಾನಿಯನ್ನು ನೋಡಿ ಮತ ಹಾಕಿದವರನ್ನು ಈ ಲೇಖನ ದೂರುವುದಿಲ್ಲ. 1978ರಲ್ಲಿ ಇಂದಿರಾ ಗಾಂಧಿಯವರನ್ನು ವೀರೇಂದ್ರ ಪಾಟೀಲರೆದುರು ಎಪ್ಪತ್ತೇಳು ಸಾವಿರ ಮತಗಳಿಂದ ಗೆಲ್ಲಿಸಿದ ನಮ್ಮ ಅಜ್ಜ ಅಜ್ಜಿಯರೂ ದೇಶವನ್ನೇ ನೋಡಿ ಹಾಕಿದ್ದರು. ನವೆಂಬರಿನಲ್ಲಿ ಗೆಲ್ಲಿಸಿದರು, ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಹಾಕಿತು, 1980ರಲ್ಲಿ ಅವರು ಬೇರೆ ಕ್ಷೇತ್ರಗಳಿಗೆ ಹೋದರು. ಸದಾನಂದ ಗೌಡರು ಎರಡು ವರ್ಷಕ್ಕೆ ಬಿಟ್ಟು ಹೋದರು. ಎರಡು ಬಾರಿ ಗೆದ್ದ ಶೋಭಾ ಕರಂದ್ಲಾಜೆಯವರ ವಿರುದ್ಧ 2024ರ ಆರಂಭದಲ್ಲಿ ಅವರ ಪಕ್ಷದ ಕಾರ್ಯಕರ್ತರೇ ‘ಗೋ ಬ್ಯಾಕ್’ ಎಂದರು, ಪಕ್ಷ ಅವರನ್ನು ಬೆಂಗಳೂರು ಉತ್ತರಕ್ಕೆ ಕಳುಹಿಸಿತು. ದೊಡ್ಡವರು ಇಲ್ಲಿ ಹಾದುಹೋಗುತ್ತಾರೆ.

ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬ ಪಟ್ಟಿಗೆ ನಮೂನೆ 20 ಎಂದು ಹೆಸರು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಕಚೇರಿ ಅದನ್ನು ಪ್ರಕಟಿಸುತ್ತದೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಾಲೇಜು ವಿದ್ಯಾರ್ಥಿಗಳು ತಮ್ಮೂರಿನ ಮತಗಟ್ಟೆಯ 2018, 2019, 2023, 2024ರ ಸಾಲುಗಳನ್ನು ಪಕ್ಕಪಕ್ಕ ಬರೆದು ನೋಡಲಿ. ಅದರ ಪಕ್ಕದಲ್ಲೇ ಆ ಊರಿನಿಂದ ಅರಣ್ಯ ಹಕ್ಕಿಗೆ ಹೋದ ಅರ್ಜಿ ಎಷ್ಟು, ತಿರಸ್ಕೃತವಾದದ್ದು ಎಷ್ಟು, ಯಾವ ಕಾರಣಕ್ಕೆ ಎಂದು ಪಂಚಾಯಿತಿಯಿಂದ ಕೇಳಿ ಬರೆಯಲಿ. ಮುಂದಿನ ಲೋಕಸಭಾ ಚುನಾವಣೆ 2029ಕ್ಕೆ. ಅಂದು ಯಾವ ಗುರುತಿನವರು ಬಂದರೂ ಅವರ ಕೈಗೆ ಹಾರಕ್ಕೆ ಮೊದಲು ಆ ಹಾಳೆಯನ್ನು ಕೊಟ್ಟು, ಎಪ್ಪತ್ತೈದು ವರ್ಷದ ಷರತ್ತಿನ ಬಗ್ಗೆ ಸಂಸತ್ತಿನಲ್ಲಿ ಏನು ಹೇಳುತ್ತೀರಿ ಎಂದು ಕೇಳಬಹುದು.